ಕಳುಹಿಸಿದ ಪ್ರತಿ, ಅಚ್ಚಾದ ಪ್ರತಿ: ಇಂಟರ್ನ್‌ಶಿಪ್ ಮುಗಿಸಿದವರ ಪ್ರಶ್ನೆಗಳು

ಪತ್ರಿಕೋದ್ಯಮ ಓದುತ್ತಿರುವ ಮಕ್ಕಳು ಪತ್ರಿಕಾ ಕಚೇರಿಗಳಲ್ಲಿ ತಿಂಗಳೋ ಒಂದೂವರೆ ತಿಂಗಳೋ ಕಳೆದು ತರಗತಿಗೆ ಮರಳುತ್ತಿದ್ದಾರೆ. ಈ ಸಲ ನಮಗೆ ಬಂದ ಕಾಗದಗಳಲ್ಲಿ ಹೆಚ್ಚಿನವು ಅವರವೇ. ಇಂಟರ್ನ್‌ಶಿಪ್‌ಗೆ ಸೇರುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ, ಅದನ್ನು ಸರಿಯಾಗಿ ಮುಗಿಸುವುದು ಹೇಗೆಂದು ಹೇಳುವವರು ಕಡಿಮೆ. ಆದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಅವರಿಗೇ ಮೀಸಲು.

ಪ್ರಶ್ನೆ: ಒಂದು ದಿನಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಆರು ವಾರ ಕೆಲಸ ಮಾಡಿದೆ. ಕಾಲೇಜಿನಲ್ಲಿ 40 ಪುಟದ ವರದಿ ಕೇಳಿದ್ದಾರೆ. ನನ್ನ ಡೈರಿಯಲ್ಲಿ ‘ಬೆಳಿಗ್ಗೆ ಸುದ್ದಿಗೋಷ್ಠಿ, ಮಧ್ಯಾಹ್ನ ಪ್ರತಿಭಟನೆ, ಸಂಜೆ ಕಾರ್ಯಕ್ರಮ’ ಅಂತ ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ವರ್ಷದವರ ವರದಿಗಳಲ್ಲಿ ಕನ್ನಡ ಪತ್ರಿಕೆಗಳ ಇತಿಹಾಸವೇ 15 ಪುಟ ತುಂಬಿದೆ. ನಾನೂ ಹಾಗೇ ಮಾಡಲೇ?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಆರಂಭಿಸಿದ್ದು ನಿಮ್ಮ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ನೀವು ಸಂಜೆ ಕಳುಹಿಸಿದ ಸುದ್ದಿ ಮಾರನೆಯ ಬೆಳಿಗ್ಗೆ ಯಾವ ರೂಪದಲ್ಲಿ ಅಚ್ಚಾಯಿತು ಎಂಬುದು ಅವರಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮಗೊಬ್ಬರಿಗೇ. ಇಂಟರ್ನ್‌ಶಿಪ್‌ನ ಗಳಿಕೆಯೆಲ್ಲ ಈ ಎರಡು ಪ್ರತಿಗಳ ನಡುವೆಯೇ ಇದೆ. ಹೆಚ್ಚಿನವರು ಅದನ್ನು ನೋಡದೆಯೇ ಪ್ರಮಾಣಪತ್ರ ತೆಗೆದುಕೊಂಡು ಮನೆಗೆ ಹೋಗುತ್ತಾರೆ ಅನ್ನುವುದು ನಮಗೆ ಬೇಸರದ ಸಂಗತಿ.

ಹೀಗೆ ಮಾಡಿ. ಮೇಲ್‌ನ ‘ಕಳುಹಿಸಿದ್ದು’ ಪೆಟ್ಟಿಗೆಯಿಂದ ನಿಮ್ಮ ಮೂಲ ಪ್ರತಿಗಳನ್ನೂ ಇ–ಪೇಪರ್‌ನಿಂದ ಅಚ್ಚಾದ ಪ್ರತಿಗಳನ್ನೂ ತೆಗೆಯಿರಿ. ಎರಡನ್ನೂ ಜೋಡಿಸಿ 12 ಸುದ್ದಿ ಆರಿಸಿ. ಚೆನ್ನಾಗಿ ಬಂದವನ್ನಷ್ಟೇ ಆರಿಸಬೇಡಿ. ಪೂರ್ತಿ ತಿದ್ದಿಹೋದ ನಾಲ್ಕು, ಅಚ್ಚೇ ಆಗದ ಎರಡು ಅದರಲ್ಲಿ ಇರಲೇಬೇಕು. ಅಡ್ಡ ಹಾಳೆಯಲ್ಲಿ ಮೂರು ಅಂಕಣ ಮಾಡಿಕೊಳ್ಳಿ: ಎಡಕ್ಕೆ ಕಳುಹಿಸಿದ್ದು, ನಡುವೆ ಅಚ್ಚಾದದ್ದು, ಬಲಕ್ಕೆ ಪ್ರತಿ ಬದಲಾವಣೆಗೂ ಒಂದೇ ಸಾಲಿನ ಕಾರಣ. ಡೆಸ್ಕ್‌ನವರು (ಕಚೇರಿಯಲ್ಲಿ ಕೂತು ಸುದ್ದಿ ತಿದ್ದುವವರು) ಹೊಡೆದುಹಾಕಿದ್ದಕ್ಕೆ ಕೆಂಪು, ಸೇರಿಸಿದ್ದಕ್ಕೆ ನೀಲಿ, ಜಾಗ ಬದಲಿಸಿದ್ದಕ್ಕೆ ಹಸಿರು ಗೆರೆ ಎಳೆಯಿರಿ.

ಒಂದು ಮಾದರಿ ನೋಡಿ. ಇಂಟರ್ನ್ ಬರೆಯುವ ಮೊದಲ ಪ್ಯಾರಾ ಸಾಮಾನ್ಯವಾಗಿ ಹೀಗಿರುತ್ತದೆ:

‘ನಗರದ ಪತ್ರಿಕಾ ಭವನದಲ್ಲಿ ಶನಿವಾರ ಹಮ್ಮಿಕೊಂಡಿದ್ದ ಸುದ್ದಿಗೋಷ್ಠಿಯಲ್ಲಿ ಮಾತನಾಡಿದ ಪುರಸಭೆಯ ಜನಪ್ರಿಯ ಅಧ್ಯಕ್ಷರು, ಪೈಪ್‌ಲೈನ್ ದುರಸ್ತಿ ಕಾಮಗಾರಿ ಹಿನ್ನೆಲೆಯಲ್ಲಿ ಸೋಮವಾರದಿಂದ ಒಂದು ವಾರ ಕಾಲ ಎರಡು ದಿನಕ್ಕೊಮ್ಮೆ ನೀರು ಪೂರೈಸಲಾಗುವುದು, ಸಾರ್ವಜನಿಕರು ಸಹಕರಿಸಬೇಕು ಎಂದು ತಿಳಿಸಿದರು.’

ಅಚ್ಚಾಗುವುದು ಹೀಗೆ:

‘ಪೈಪ್‌ಲೈನ್ ದುರಸ್ತಿ ನಡೆಯುವುದರಿಂದ ಪಟ್ಟಣದ 23 ವಾರ್ಡ್‌ಗಳಿಗೆ ಸೋಮವಾರದಿಂದ ಒಂದು ವಾರ ಎರಡು ದಿನಕ್ಕೊಮ್ಮೆ ಮಾತ್ರ ನೀರು ಬರಲಿದೆ.’

ಕೆಂಪು ಗೆರೆಯ ಕೆಳಗೆ ಏನೇನಿದೆ ಎಂದು ಎಣಿಸಿ. ಜಾಗ, ಗೋಷ್ಠಿ, ‘ಜನಪ್ರಿಯ’, ‘ಸಹಕರಿಸಬೇಕು’ ಹೋಗಿವೆ. ಮಾತನಾಡಿದವರಿಂದ ಶುರುವಾಗಿದ್ದ ಸುದ್ದಿ ನೀರಿನಿಂದ ಶುರುವಾಗಿದೆ, ಏಕೆಂದರೆ ಓದುಗರ ಮನೆಯಲ್ಲಿ ಸೋಮವಾರ ಖಾಲಿಯಾಗುವುದು ಕೊಡ. ‘ಹಿನ್ನೆಲೆಯಲ್ಲಿ’ ಎಂಬ ಮಸುಕು ಮಾತು ‘ನಡೆಯುವುದರಿಂದ’ ಎಂಬ ನೇರ ಕಾರಣವಾಗಿದೆ. ಪುರಸಭೆ ಇರುವ ಊರನ್ನು ‘ನಗರ’ ಎಂದದ್ದು ‘ಪಟ್ಟಣ’ ಆಗಿದೆ. ಇನ್ನು ನೀಲಿ ಗೆರೆ ನೋಡಿ: 23 ವಾರ್ಡ್. ಈ ಅಂಕಿ ನಿಮ್ಮ ಪ್ರತಿಯಲ್ಲಿ ಇರಲೇ ಇಲ್ಲ. ಎಲ್ಲ ವಾರ್ಡ್‌ಗೂ ಹೀಗೆಯೇ ಅಥವಾ ಕೆಲವಕ್ಕೆ ಮಾತ್ರವೇ ಎಂದು ಡೆಸ್ಕ್‌ನಲ್ಲಿ ಕೂತವರು ಯಾರೋ ಮುಖ್ಯಾಧಿಕಾರಿಗೆ ಫೋನ್ ಮಾಡಿ ಕೇಳಿದ್ದಾರೆ. ಗೋಷ್ಠಿಯಲ್ಲಿ ಕೂತಿದ್ದಾಗಲೇ ನೀವು ಆ ಪ್ರಶ್ನೆ ಕೇಳಬಹುದಿತ್ತು. ಬಲ ಅಂಕಣದಲ್ಲಿ ಬರೆಯಬೇಕಾದ್ದು ಇದನ್ನೇ: ‘ಎಷ್ಟು ವಾರ್ಡ್ ಎಂದು ನಾನು ಕೇಳಲಿಲ್ಲ.’

12 ಸುದ್ದಿಗೂ ಹೀಗೆ ಮಾಡಿದ ಮೇಲೆ ಬಲ ಅಂಕಣವನ್ನಷ್ಟೇ ಮೇಲಿಂದ ಕೆಳಗೆ ಓದಿ. ನೂರಾರು ತಪ್ಪು ಕಾಣುತ್ತವೆ ಅಂದುಕೊಂಡಿರುತ್ತೀರಿ, ಆದರೆ ಒಬ್ಬ ಬರಹಗಾರರಲ್ಲಿ ನಾಲ್ಕೈದು ತಪ್ಪುಗಳೇ ಮತ್ತೆ ಮತ್ತೆ ಬರುತ್ತವೆ. ಸುದ್ದಿ ಕೊನೆಯ ಪ್ಯಾರಾದಲ್ಲಿ ಅಡಗಿರುವುದು, ಕೇಳಬೇಕಿದ್ದ ಒಂದು ಅಂಕಿಯನ್ನು ಕೇಳದಿರುವುದು, ಹುದ್ದೆಯ ಹೆಸರು ತಪ್ಪುವುದು, ಯಾರು ಹೇಳಿದ್ದೆಂಬುದು ನಡುವೆ ಕಳೆದುಹೋಗುವುದು. ಹುದ್ದೆಯ ವಿಷಯದಲ್ಲಿ ಇಂಟರ್ನ್‌ಗಳು ಪದೇ ಪದೇ ಎಡವುತ್ತಾರೆ. ನಗರಸಭೆಗೆ ಪೌರಾಯುಕ್ತರು, ಪುರಸಭೆಗೂ ಪಟ್ಟಣ ಪಂಚಾಯಿತಿಗೂ ಮುಖ್ಯಾಧಿಕಾರಿ, ಗ್ರಾಮ ಪಂಚಾಯಿತಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ತಾಲ್ಲೂಕು ಪಂಚಾಯಿತಿಗೆ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಜಿಲ್ಲಾ ಪಂಚಾಯಿತಿಗೆ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ಪೊಲೀಸ್ ಸುದ್ದಿಯಲ್ಲಿ ‘ವಶಕ್ಕೆ ಪಡೆದು ವಿಚಾರಣೆ’ ಬೇರೆ, ‘ಬಂಧನ’ ಬೇರೆ. ‘ಆರೋಪಿ’ ಬೇರೆ, ‘ಅಪರಾಧಿ’ ಬೇರೆ. ಎಫ್‌ಐಆರ್ ದಾಖಲಾದದ್ದು ಆರೋಪಪಟ್ಟಿ ಸಲ್ಲಿಕೆಯಾದಂತಲ್ಲ.

ಸುದ್ದಿ ಮೊಟಕಾದದ್ದಕ್ಕೆಲ್ಲ ನಿಮ್ಮ ಬರವಣಿಗೆಯೇ ಕಾರಣವಲ್ಲ ಎಂಬುದನ್ನೂ ದಾಖಲಿಸಿ. ಸಂಜೆ 7ಕ್ಕೆ ಕಾಲು ಪುಟದ ಜಾಹೀರಾತು ಬಂದರೆ 300 ಪದದ ಸುದ್ದಿ 90ಕ್ಕೆ ಇಳಿಯುತ್ತದೆ, ಅದೂ ಕೊನೆಯಿಂದ ಕತ್ತರಿಸಿ. ಕತ್ತರಿಸಿದ ಮೇಲೆ ಉಳಿದ 90 ಪದದಲ್ಲಿ ಸುದ್ದಿ ಉಳಿದಿದೆಯೇ? ಉಳಿದಿದ್ದರೆ ನೀವು ಸರಿಯಾಗಿಯೇ ಕಟ್ಟಿದ್ದೀರಿ. ಡೆಸ್ಕ್ ತಪ್ಪು ಮಾಡಿದ್ದರೆ ಅದನ್ನೂ ಬರೆಯಿರಿ. ನೀವು ಸರಿಯಾಗಿ ಬರೆದ ಹಳ್ಳಿಯ ಹೆಸರು ಪುಟದಲ್ಲಿ ಬೇರೆಯಾಗಿರುವುದು ಉಂಟು. ಒಂದೇ ಹೆಸರಿನ ಊರುಗಳು ಎರಡು ತಾಲ್ಲೂಕಿನಲ್ಲಿದ್ದಾಗ ಹೀಗಾಗುತ್ತದೆ. ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು ಬರೆಯುವುದೇ ಅದಕ್ಕೆ ಮದ್ದು.

ಖಾಲಿ ಡೈರಿಯನ್ನು ಈಗಲೂ ತುಂಬಬಹುದು, ಆದರೆ ತಡ ಮಾಡಬೇಡಿ. ಫೋನಿನ ಕರೆಪಟ್ಟಿ, ಫೋಟೊಗಳ ಮೇಲಿನ ದಿನ–ಸಮಯ, ಕಳುಹಿಸಿದ ಮೇಲ್‌ಗಳ ಸಮಯ, ಬಸ್ ಟಿಕೆಟ್, ಈ ನಾಲ್ಕನ್ನು ಮುಂದಿಟ್ಟುಕೊಂಡು ಕೂತರೆ ಆರು ವಾರವೂ ಮತ್ತೆ ಎದ್ದು ನಿಲ್ಲುತ್ತದೆ. ಹೋಲಿಕೆಗೆ 24 ಪುಟ, ಡೈರಿಗೆ 8, ಬಲ ಅಂಕಣದಿಂದ ತಿಳಿದದ್ದಕ್ಕೆ 5, ಕಚೇರಿಯ ಕೆಲಸದ ಕ್ರಮಕ್ಕೆ 2, ಇತಿಹಾಸಕ್ಕೆ 1. ಅಲ್ಲಿಗೆ ನಲವತ್ತಾಯಿತು.

ಪ್ರಶ್ನೆ: 22 ಸುದ್ದಿ ಅಚ್ಚಾದವು. ಒಂದಕ್ಕೂ ನನ್ನ ಹೆಸರಿಲ್ಲ, ಎಲ್ಲ ‘ನಮ್ಮ ವರದಿಗಾರರಿಂದ’ ಎಂದೇ ಬಂದಿವೆ. ಮುಂದೆ ಕೆಲಸ ಕೇಳಲು ಹೋದರೆ ಇವು ನನ್ನವೆಂದು ಹೇಗೆ ತೋರಿಸಲಿ?
— ಅಂತಿಮ ವರ್ಷದ ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ಬೈಲೈನ್ (ಸುದ್ದಿಯ ಜೊತೆ ಅಚ್ಚಾಗುವ ಬರೆದವರ ಹೆಸರು) ಸಿಗದಿದ್ದದ್ದಕ್ಕೆ ಕುಗ್ಗಬೇಡಿ. ಸುದ್ದಿಗೋಷ್ಠಿ, ಅಪಘಾತ, ಸಭೆಗಳ ವರದಿಗೆ ಹಿರಿಯ ವರದಿಗಾರರಿಗೂ ಹೆಸರು ಹಾಕುವುದಿಲ್ಲ. ವಿಶೇಷ ವರದಿಗೆ, ಬೇರೆಯವರಿಗೆ ಸಿಗದ ಸುದ್ದಿಗೆ ಹಾಕುತ್ತಾರೆ. ಕೆಲಸ ಕೊಡುವವರಿಗೂ ಇದು ಗೊತ್ತಿರುತ್ತದೆ.

ನೀವು ಮಾಡಬೇಕಾದ್ದು ಒಂದು ಪಟ್ಟಿ. ಕ್ರಮಸಂಖ್ಯೆ, ದಿನಾಂಕ, ಆವೃತ್ತಿ, ಪುಟ, ಶೀರ್ಷಿಕೆ, ನಿಮ್ಮ ಪಾಲು ಎಂದು ಆರು ಕಲಂ ಹಾಕಿ. ‘ನಿಮ್ಮ ಪಾಲು’ ಕಲಂನಲ್ಲಿ ಪ್ರಾಮಾಣಿಕವಾಗಿರಿ. ‘ಸ್ಥಳಕ್ಕೆ ಹೋಗಿ ಬರೆದದ್ದು’, ‘ಪ್ರಕಟಣೆಯಿಂದ ಬರೆದದ್ದು’, ‘ಇಂಗ್ಲಿಷ್‌ನಿಂದ ಅನುವಾದ’, ‘ಹಿರಿಯರ ವರದಿಗೆ ಇಬ್ಬರ ಹೇಳಿಕೆ ತಂದದ್ದು’ ಎಂದು ಬಿಡಿಸಿ ಬರೆಯಿರಿ. ಪಟ್ಟಿಯ ಕೆಳಗೆ ಮುಖ್ಯ ವರದಿಗಾರರ ಸಹಿ, ಕಚೇರಿಯ ಮೊಹರು ಹಾಕಿಸಿ. ಬೈಲೈನ್‌ಗಿಂತ ಈ ಒಂದು ಹಾಳೆಗೆ ತೂಕ ಹೆಚ್ಚು. ಏಕೆಂದರೆ ಸಂದರ್ಶನದಲ್ಲಿ ಮುಂದಿನ ಪ್ರಶ್ನೆ ಬರುವುದೇ ‘ಇದರಲ್ಲಿ ನೀವು ಮಾಡಿದ್ದೇನು’ ಎಂದು.

ಕ್ಲಿಪ್ಪಿಂಗ್ ಉಳಿಸುವಾಗ ಸುದ್ದಿಯ ತುಂಡನ್ನು ಮಾತ್ರ ಕತ್ತರಿಸಬೇಡಿ. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಕಾಣುವಂತೆ ಇಡೀ ಪುಟದ ಪಿಡಿಎಫ್ ಇಳಿಸಿಕೊಳ್ಳಿ. ಇ–ಪೇಪರ್‌ನಲ್ಲಿ ಹಳೆಯ ಸಂಚಿಕೆ ಎಷ್ಟು ದಿನ ತೆರೆದಿರುತ್ತದೆ ಎಂಬುದು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಹಾಗಾಗಿ ಇವತ್ತೇ ಇಳಿಸಿ. ಜಿಲ್ಲಾ ಪುಟಗಳು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವಲ್ಲ, ಹಾಸನದ ಆವೃತ್ತಿಯಲ್ಲಿ ಬಂದದ್ದನ್ನು ಬೆಂಗಳೂರು ಆವೃತ್ತಿಯಲ್ಲಿ ಹುಡುಕಿ ‘ಇಲ್ಲ’ ಎಂದು ಕೈಬಿಟ್ಟವರಿದ್ದಾರೆ.

ಪ್ರಶ್ನೆ: ಕಚೇರಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳನ್ನು ತಂದಿದ್ದೇನೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅರ್ಥವಾಗದ ರೋಮನ್ ಅಕ್ಷರಗಳು!
— ಕೊಪ್ಪಳದ ಓದುಗರು

ಉತ್ತರ: ಅವು ಆಸ್ಕಿ ಎಂಬ ಹಳೆಯ ಸಂಕೇತಪದ್ಧತಿಯ ಕಡತಗಳು. ಆ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಫಾಂಟ್ ಹಾಕಿಕೊಂಡರೂ ಹುಡುಕಲು ಬಾರದು. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಇದೆ, ಅದರಲ್ಲಿ ಹಾಕಿ ಯೂನಿಕೋಡ್ (ಬೇರೆ ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಸಂಕೇತಪದ್ಧತಿ) ಮಾಡಿ, ಮೂಲ ಕಡತವನ್ನೂ ಉಳಿಸಿಕೊಳ್ಳಿ. ಪರಿವರ್ತನೆಯಾದ ಮೇಲೆ ಕಣ್ಣು ಹಾಯಿಸಬೇಕಾದ ಜಾಗ ಮೂರು. ಮೊದಲನೆಯದು ಅರ್ಕಾವತ್ತು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. ಈ ಅದಲುಬದಲಿನಲ್ಲಿ ‘ಕಾರ್ಯ’, ‘ವರ್ಷ’ದಂಥ ಪದಗಳು ಕೆಡುತ್ತವೆ. ಎರಡನೆಯದು ‘ರ‍್ಯಾಲಿ’, ‘ರ‍್ಯಾಂಕ್’ನಂಥ ಪದಗಳು. ಇವು ‘ರ್ಯಾಲಿ’, ‘ರ್ಯಾಂಕ್’ ಆಗಿಬಿಡುತ್ತವೆ. ಮೂರನೆಯದು ಉದ್ಧರಣ ಚಿಹ್ನೆ ಮತ್ತು ಅಂಕಿಗಳು. ಅಂಕಿಗಳನ್ನು ಅಚ್ಚಾದ ಪುಟದೊಂದಿಗೆ ಒಂದೊಂದಾಗಿ ತಾಳೆ ನೋಡಿ.

ಪ್ರಶ್ನೆ: ಇಂಟರ್ನ್‌ಶಿಪ್‌ನ ಕೊನೆಯ ವಾರದಲ್ಲಿ ಜಲಾಶಯದ ಸುದ್ದಿ ಬರೆದೆ. ‘ಒಳಹರಿವು 25 ಸಾವಿರ ಟಿಎಂಸಿ ಅಡಿ’ ಎಂದು ಅಚ್ಚಾಗಿದೆ. ಮೊನ್ನೆ ಕ್ಲಿಪ್ಪಿಂಗ್ ಅಂಟಿಸುವಾಗ ತಪ್ಪು ಗೊತ್ತಾಯಿತು, ಅದು ‘ಕ್ಯುಸೆಕ್’ ಆಗಬೇಕಿತ್ತು. ಯಾರೂ ಕೇಳಿಲ್ಲ. ನಾನೀಗ ಅಲ್ಲಿ ಇಲ್ಲ. ಸುಮ್ಮನಿರಲೇ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ಸುಮ್ಮನಿರಬೇಡಿ, ಇವತ್ತೇ ತಿಳಿಸಿ. ಯಾರೂ ಕೇಳಿಲ್ಲ ಎಂದರೆ ಯಾರೂ ಓದಿಲ್ಲ ಎಂದಲ್ಲ. ನೀರಿನ ಸುದ್ದಿ ನೋಡಿ ನಾಟಿಯ ದಿನ ಲೆಕ್ಕ ಹಾಕುವ ರೈತರಿರುವ ಜಿಲ್ಲೆ ನಿಮ್ಮದು.

ತಪ್ಪಿನ ಗಾತ್ರ ಮೊದಲು ತಿಳಿದುಕೊಳ್ಳಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿವಿನ ವೇಗದ ಲೆಕ್ಕ. ಟಿಎಂಸಿ ಅಡಿ ಎಂದರೆ 100 ಕೋಟಿ ಘನ ಅಡಿ, ಅದು ಸಂಗ್ರಹದ ಲೆಕ್ಕ. ಒಂದು ದಿನಕ್ಕೆ 86,400 ಸೆಕೆಂಡು. 25 ಸಾವಿರ ಕ್ಯುಸೆಕ್ ನೀರು ಇಡೀ ದಿನ ಒಂದೇ ಸಮ ಹರಿದರೆ ಸೇರುವುದು 2.16 ಟಿಎಂಸಿ ಅಡಿ. ಕೃಷ್ಣರಾಜ ಸಾಗರದ ಪೂರ್ಣ ಸಾಮರ್ಥ್ಯವೇ 49.45 ಟಿಎಂಸಿ ಅಡಿ. ಅಂದರೆ ನೀವು ಬರೆದ ನೀರಿನಲ್ಲಿ ಆ ಜಲಾಶಯ 500 ಸಲ ತುಂಬಿ ಇನ್ನೂ ಮಿಗುತ್ತದೆ. ಅಂಕಿ ಬರೆದ ಮೇಲೆ ಪಕ್ಕದಲ್ಲಿ ಹೀಗೊಂದು ಗೊತ್ತಿರುವ ಅಳತೆ ಇಟ್ಟು ನೋಡುವ ಅಭ್ಯಾಸ ಇದ್ದರೆ ಈ ತಪ್ಪು ಕಚೇರಿಯ ಬಾಗಿಲು ದಾಟುತ್ತಿರಲಿಲ್ಲ. ಅಣೆಕಟ್ಟೆಯ ಪಟ್ಟಿಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಒಂದರ ಕೆಳಗೊಂದು ಇರುತ್ತವೆ. ನಕಲು ಮಾಡುವಾಗ ಮೂರನೆಯ ಸಾಲಿನ ಘಟಕ ನಾಲ್ಕನೆಯ ಸಾಲಿಗೆ ಜಾರುತ್ತದೆ. ಕಾರಣ ಇಷ್ಟೇ.

ತಿಳಿಸುವಾಗ ಕ್ಷಮೆಯ ಉದ್ದ ಪತ್ರ ಬೇಡ. ಮುಖ್ಯ ವರದಿಗಾರರಿಗೆ ಫೋನ್ ಮಾಡಿ, ಕೂಡಲೇ ಮೇಲ್ ಹಾಕಿ. ಮೇಲ್‌ನಲ್ಲಿ ದಿನಾಂಕ, ಆವೃತ್ತಿ, ಪುಟ, ಶೀರ್ಷಿಕೆ, ಅಚ್ಚಾದ ವಾಕ್ಯ, ಇರಬೇಕಾದ ವಾಕ್ಯ, ಸರಿ ಅಂಕಿಯ ಆಧಾರ, ಈ ಏಳು ಇರಲಿ. ಆಧಾರಕ್ಕೆ ಆ ದಿನದ ಅಣೆಕಟ್ಟೆ ಪ್ರಕಟಣೆಯ ಚಿತ್ರ ಲಗತ್ತಿಸಿ. ‘ಮೂಲ ಪ್ರತಿಯಲ್ಲೇ ತಪ್ಪಾಗಿತ್ತು, ಡೆಸ್ಕ್‌ನದಲ್ಲ’ ಎಂಬ ಒಂದು ಸಾಲು ಸೇರಿಸಿ. ಆ ರಾತ್ರಿ ಪುಟ ನೋಡಿದ ಉಪಸಂಪಾದಕರಿಗೆ ನೀವು ಸಲ್ಲಿಸಬೇಕಾದ ನ್ಯಾಯ ಅದು. ತಿದ್ದುಪಡಿ ಹಾಕುವುದು ಬಿಡುವುದು ಸಂಪಾದಕರಿಗೆ ಸೇರಿದ್ದು. ವೆಬ್‌ಸೈಟ್‌ನಲ್ಲೂ ಆ ಸುದ್ದಿ ಇದ್ದರೆ ಅದನ್ನೂ ಬೇರೆಯಾಗಿ ತಿಳಿಸಿ. ಮುದ್ರಿತ ಪುಟ ನೋಡುವವರೇ ವೆಬ್ ನೋಡುತ್ತಾರೆಂಬ ಖಾತರಿ ಇಲ್ಲ.

ಶೇಕಡಾವಾರು ಲೆಕ್ಕದಲ್ಲೂ ಇಂಥದ್ದೇ ತಪ್ಪು ಸಾಮಾನ್ಯ. ಫಲಿತಾಂಶ ಶೇ 60ರಿಂದ ಶೇ 75ಕ್ಕೆ ಏರಿದರೆ ‘ಶೇ 15ರಷ್ಟು ಹೆಚ್ಚಳ’ ತಪ್ಪು. ಏರಿಕೆ 15 ಶೇಕಡಾ ಅಂಶ (75ರಲ್ಲಿ 60 ಕಳೆದದ್ದು), ಹೆಚ್ಚಳ ಶೇ 25 (ಮೊದಲಿದ್ದ 60ರಲ್ಲಿ 15ರ ಪಾಲು). ಏಜೆನ್ಸಿ ಸುದ್ದಿ ಅನುವಾದಿಸುವಾಗ ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ನಿಮ್ಮ ಉಳಿದ ಕ್ಲಿಪ್ಪಿಂಗ್‌ಗಳಲ್ಲೂ ಅಂಕಿಗಳನ್ನು ಒಮ್ಮೆ ಹೀಗೆ ನೋಡಿಬಿಡಿ.

ಪ್ರಶ್ನೆ: ನನ್ನ ಫೋನಿನಲ್ಲಿ ಈಗ 140 ಹೊಸ ನಂಬರ್, ನಾಲ್ಕು ಪೊಲೀಸ್ ಮತ್ತು ಮಾಧ್ಯಮ ವಾಟ್ಸ್‌ಆ್ಯಪ್ ಗುಂಪು, ಆಸ್ಪತ್ರೆ–ಠಾಣೆಯ ಫೋಟೊ, 30ಕ್ಕೂ ಹೆಚ್ಚು ಧ್ವನಿಮುದ್ರಣ ಇವೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಅಳಿಸಲಿ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಕಚೇರಿಯಿಂದ ಹೊರಡುವ ದಿನ ಎಲ್ಲರೂ ಇದನ್ನು ಕೇಳಿಕೊಳ್ಳಬೇಕು.

ಫೋಟೊಗಳಿಂದ ಶುರು ಮಾಡಿ. ಲೈಂಗಿಕ ಅಪರಾಧದಲ್ಲಿ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಚಿತ್ರದ ಜೊತೆಗೆ ಮನೆಯವರ ವಿವರ, ಶಾಲೆ, ನೆರೆಹೊರೆಯನ್ನೂ ಹೇಳಬಾರದು ಎನ್ನುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳಿಗೂ ಸಾಕ್ಷಿಗಳಾದ ಮಕ್ಕಳಿಗೂ ಇದೇ ರಕ್ಷಣೆ ಕೊಟ್ಟಿದೆ. ನಿಮ್ಮ ಫೋನಿನಲ್ಲಿ ಅಂಥ ಒಂದು ಚಿತ್ರವಿದ್ದು ಅದು ಹಾಸ್ಟೆಲ್ ಗೆಳತಿಯರ ಗುಂಪಿಗೆ ಜಾರಿದರೂ ಆ ಮಗುವಿಗೆ ಆಗುವ ಗಾಯ ವಾಸಿಯಾಗುವಂಥದ್ದಲ್ಲ. ಪ್ರಕಟಣೆಗೆ ಬೇಕಾದದ್ದು ಕಚೇರಿಯ ಬಳಿ ಇದೆಯೇ ಎಂದು ಮುಖ್ಯ ವರದಿಗಾರರನ್ನು ಕೇಳಿ, ಇದ್ದರೆ ನಿಮ್ಮದನ್ನು ಗ್ಯಾಲರಿಯಿಂದ, ಅನುಪಯುಕ್ತ ಪೆಟ್ಟಿಗೆಯಿಂದ, ತಾನಾಗಿ ನಕಲಾಗುವ ಕ್ಲೌಡ್‌ನಿಂದ, ವಾಟ್ಸ್‌ಆ್ಯಪ್ ಕಡತಕೋಶದಿಂದ, ನಾಲ್ಕೂ ಕಡೆಯಿಂದ ಅಳಿಸಿ. ಗ್ಯಾಲರಿಯಲ್ಲಿ ಮಾತ್ರ ಅಳಿಸಿ ನಿಶ್ಚಿಂತರಾಗುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಧ್ವನಿಮುದ್ರಣ, ನೋಟ್‌ಬುಕ್‌ಗಳದ್ದು ಇದಕ್ಕೆ ತದ್ವಿರುದ್ಧ. ಅಳಿಸಬೇಡಿ, ಹರಿಯಬೇಡಿ. ಯಾರ ವಿರುದ್ಧವಾದರೂ ಆರೋಪ ಇರುವ ಸುದ್ದಿ ಪ್ರಕಟವಾಗಿದ್ದರೆ ಮಾನಹಾನಿಯ ಸಿವಿಲ್ ದಾವೆ ಹೂಡಲು ಪ್ರಕಟವಾದ ದಿನದಿಂದ 1 ವರ್ಷ, ಕ್ರಿಮಿನಲ್ ದೂರಿಗೆ 3 ವರ್ಷ ಕಾಲಾವಕಾಶ ಇದೆ. ಆಗ ಪತ್ರಿಕೆಯ ಕೈಯಲ್ಲಿರುವ ಆಧಾರ ನಿಮ್ಮ ನೋಟ್‌ಬುಕ್ಕೇ. ಅಂಥ ಸುದ್ದಿಗಳ ಧ್ವನಿಕಡತಕ್ಕೆ ದಿನಾಂಕ, ಊರು, ವಿಷಯ ಸೇರಿಸಿ ಹೆಸರಿಟ್ಟು ಕಚೇರಿಗೆ ಒಂದು ಪ್ರತಿ ಕೊಡಿ. ನೋಟ್‌ಬುಕ್ ಪುಟಗಳಿಗೆ ಅಂಕಿ ಹಾಕಿ, ಛಾಯಾಪ್ರತಿ ನೀವಿಟ್ಟುಕೊಂಡು ಮೂಲ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಒಂದು ಸಾಲಿನ ಮೇಲ್ ಕಳುಹಿಸಿ. ಗುಟ್ಟಾಗಿ ಮಾತಾಡಿದವರ ಹೆಸರು ನೋಟ್‌ಬುಕ್‌ನಲ್ಲಿದ್ದರೆ ಒಪ್ಪಿಸುವ ಮೊದಲು ಮುಖ್ಯ ವರದಿಗಾರರೊಂದಿಗೆ ಮಾತಾಡಿ. ಹೆಸರು ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟವರು ನೀವು.

ವಾಟ್ಸ್‌ಆ್ಯಪ್ ಗುಂಪುಗಳಿಂದ ‘ಇಂಟರ್ನ್‌ಶಿಪ್ ಮುಗಿಯಿತು, ಇನ್ನು ಮುಂದೆ ಈ ಪತ್ರಿಕೆಯ ಪರವಾಗಿ ನಾನಿಲ್ಲ’ ಎಂದು ಹೇಳಿ ಹೊರಬನ್ನಿ. ಸುಮ್ಮನೆ ಉಳಿದುಕೊಂಡರೆ ಪೊಲೀಸರು ನಿಮ್ಮನ್ನು ಪತ್ರಿಕೆಯವರೆಂದೇ ತಿಳಿದು ಮಾತಾಡುತ್ತಾರೆ, ಅದು ತಪ್ಪು ತಿಳಿವಳಿಕೆಗೆ ದಾರಿ. ಗುರುತಿನ ಚೀಟಿ, ವಾಹನದ ಮೇಲಿನ ‘ಪ್ರೆಸ್’ ಚೀಟಿ, ಕಚೇರಿಯ ಲಾಗಿನ್ ಕೊನೆಯ ದಿನವೇ ಒಪ್ಪಿಸಬೇಕು.

ನಂಬರ್‌ಗಳನ್ನು ಇಟ್ಟುಕೊಳ್ಳಿ, ಹೆಸರಿನ ಜೊತೆ ಊರು, ಹುದ್ದೆ, ಯಾವ ಸುದ್ದಿಗೆ ಸಿಕ್ಕವರು ಎಂದು ಬರೆದು. ಆರು ತಿಂಗಳಾದ ಮೇಲೆ ಬರೀ ‘ಮಂಜುಳಕ್ಕ’ ಎಂದಿದ್ದರೆ ಯಾರೆಂದು ನೆನಪಾಗುವುದಿಲ್ಲ. ನಿಮಗೆ ಸುದ್ದಿ ಕೊಟ್ಟ ಆಶಾ ಕಾರ್ಯಕರ್ತೆಗೆ, ದಾಖಲೆ ಹುಡುಕಿಕೊಟ್ಟ ಪಂಚಾಯಿತಿಯ ಬಿಲ್ ಕಲೆಕ್ಟರ್‌ಗೆ ಒಂದು ಕರೆ ಮಾಡಿ ‘ಅಕ್ಕಾ, ನನ್ನ ಕೆಲಸ ಮುಗೀತು, ಮುಂದೆ ಇವರನ್ನು ಸಂಪರ್ಕಿಸಿ’ ಎಂದು ಕಚೇರಿಯ ವರದಿಗಾರರ ನಂಬರ್ ಕೊಡಿ. ಅವರಿಗೆ ನೀವು ಬಂದದ್ದು ಗೊತ್ತು, ಹೋದದ್ದು ಗೊತ್ತಿರುವುದಿಲ್ಲ. ಸಮಸ್ಯೆ ಇನ್ನೂ ಹಾಗೇ ಇದ್ದರೆ ಅವರು ಯಾರನ್ನು ಕೇಳಬೇಕು?

ಪ್ರಶ್ನೆ: ಅಚ್ಚಾದ ವರದಿಗಳನ್ನು ಸೇರಿಸಿ ಪುಸ್ತಕ ಮಾಡಬಹುದೇ? ಹಕ್ಕು ಯಾರದು?
— ಶಿವಮೊಗ್ಗದ ಓದುಗರು

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಇದಕ್ಕೆಂದೇ ಒಂದು ಅಂಶವಿದೆ. ನೌಕರಿಯ ಅಥವಾ ಅಪ್ರೆಂಟಿಸ್ ಕರಾರಿನ ಮೇಲೆ ಪತ್ರಿಕೆಗಾಗಿ ಬರೆದದ್ದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಉಳಿದ ಎಲ್ಲ ವಿಷಯದಲ್ಲಿ ಹಕ್ಕು ಬರೆದವರದು. ಆದರೆ ಇದೆಲ್ಲ ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಷರತ್ತಿಗೆ ಒಳಪಟ್ಟದ್ದು. ಸೇರುವ ದಿನ ಸಹಿ ಹಾಕಿದ ಪತ್ರದಲ್ಲಿ ‘ಎಲ್ಲ ಹಕ್ಕು ಸಂಸ್ಥೆಗೆ’ ಎಂದಿದ್ದರೆ ಅದೇ ನಡೆಯುತ್ತದೆ. ಆ ಪತ್ರ ಹುಡುಕಿ ಓದಿ. ಪುಟವಿನ್ಯಾಸ, ಶೀರ್ಷಿಕೆ, ಬೇರೆಯವರು ತೆಗೆದ ಚಿತ್ರ ನಿಮ್ಮವಲ್ಲ. ಪುಸ್ತಕವಾದರೂ ಬ್ಲಾಗ್ ಆದರೂ ಸಂಪಾದಕರಿಗೆ ಬರೆದು ಒಪ್ಪಿಗೆ ಪಡೆದೇ ಮುಂದುವರಿಯಿರಿ. ಕಚೇರಿ ತಿರಸ್ಕರಿಸಿದ ಸುದ್ದಿಯನ್ನು ಬೇರೆ ಪತ್ರಿಕೆಗೆ ಕೊಡುವ ಮೊದಲೂ ಒಂದು ಮಾತು ಕೇಳಿ.

ಪ್ರಶ್ನೆ: ಇಂಟರ್ನ್‌ಶಿಪ್‌ನ ನಾಲ್ಕನೇ ವಾರದಲ್ಲಿ ಶಾಲಾ ಶೌಚಾಲಯಗಳ ಬಗ್ಗೆ ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಉತ್ತರ ಬರುವ ಮೊದಲೇ ಅವಧಿ ಮುಗಿಯಿತು. ಇನ್ನೇನು ಮಾಡಲಿ?
— ವಿದ್ಯಾರ್ಥಿ, ರಾಯಚೂರು

ಉತ್ತರ: ಅರ್ಜಿ ಹಾಕಿದ್ದು ಪತ್ರಿಕೆಯಲ್ಲ, ನಾಗರಿಕರಾಗಿ ನೀವು. ಆದ್ದರಿಂದ ಇಂಟರ್ನ್‌ಶಿಪ್ ಮುಗಿದರೂ ಅರ್ಜಿ ಜೀವಂತ. ಮೊದಲು ನೋಡಬೇಕಾದ್ದು ಅರ್ಜಿಯಲ್ಲಿ ಕೊಟ್ಟ ವಿಳಾಸ. ಹಾಸ್ಟೆಲ್ ಅಥವಾ ಬಾಡಿಗೆ ಕೋಣೆಯ ವಿಳಾಸ ಕೊಟ್ಟು ಈಗ ಖಾಲಿ ಮಾಡಿದ್ದರೆ ಉತ್ತರ ‘ವಿಳಾಸದಾರರು ಇಲ್ಲ’ ಎಂದು ವಾಪಸ್ ಹೋಗುತ್ತದೆ. ಇಂಟರ್ನ್‌ಗಳ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ. ಅರ್ಜಿಯ ದಿನಾಂಕ, ನೋಂದಣಿ ಸಂಖ್ಯೆ ಹೇಳಿ ಹೊಸ ವಿಳಾಸವನ್ನು ಮಾಹಿತಿ ಅಧಿಕಾರಿಗೆ ಬರೆದು, ಸ್ವೀಕೃತಿ ಪಡೆದುಕೊಳ್ಳಿ.

ಇನ್ನು ದಿನಗಳ ಲೆಕ್ಕ. ಅರ್ಜಿ ತಲುಪಿ 30 ದಿನದೊಳಗೆ ಉತ್ತರ ಕೊಡಬೇಕು. ವಿಷಯ ಬೇರೆ ಇಲಾಖೆಯದಾದರೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. 30 ದಿನ ಮೀರಿದರೆ ಮಾಹಿತಿಯನ್ನು ಉಚಿತವಾಗಿಯೇ ಕೊಡಬೇಕು. ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಈ ದಿನಾಂಕಗಳನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅರ್ಜಿಯೇ ತಿರಸ್ಕೃತವಾದರೆ ಕಾರಣ ಓದಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇಡೀ ಜಿಲ್ಲೆಯ ಶಾಲೆಗಳ ಶೌಚಾಲಯ, ಬಿಸಿಯೂಟ, ಶಿಕ್ಷಕರ ಕೊರತೆ ಎಲ್ಲವನ್ನೂ ಒಂದರಲ್ಲೇ ಕೇಳಿದ್ದರೆ ಮೂರು ಅರ್ಜಿ ಮಾಡಿ, ಒಂದೊಂದಕ್ಕೂ 10 ರೂಪಾಯಿ ಶುಲ್ಕ ಕಟ್ಟಿ ಮತ್ತೆ ಹಾಕಿ.

ಅರ್ಜಿಯ ಪ್ರತಿಯನ್ನು ಮುಖ್ಯ ವರದಿಗಾರರಿಗೂ ಕೊಟ್ಟಿರಿ. ಉತ್ತರ ಬಂದಾಗ ಆ ಸುದ್ದಿ ಬರೆಯುವ ಮೊದಲ ಅವಕಾಶ ಯಾರಿಗೆಂದು ಈಗಲೇ ಮಾತಾಡಿಕೊಂಡರೆ ಆಮೇಲೆ ಮನಸ್ತಾಪ ಇರುವುದಿಲ್ಲ.

ಪ್ರಶ್ನೆ: ಸ್ಟೈಪೆಂಡ್ ಕೊಡಲಿಲ್ಲ. ಈಗ ಕೇಳಬಹುದೇ?
— ತುಮಕೂರಿನ ಓದುಗರು

ಉತ್ತರ: ಸೇರುವಾಗ ಕೊಟ್ಟ ಪತ್ರದಲ್ಲಿ ಮೊತ್ತ ಇದ್ದರೆ ಖಂಡಿತ ಕೇಳಿ, ಬರವಣಿಗೆಯಲ್ಲೇ ಕೇಳಿ. ಇಲ್ಲದಿದ್ದರೆ ಪ್ರಯಾಣದ ಖರ್ಚನ್ನಾದರೂ ಟಿಕೆಟ್ ಸಮೇತ ಸಲ್ಲಿಸಿ ನೋಡಿ. ದುಡ್ಡಿನ ಮಾತನ್ನು ಸೇರುವ ಮೊದಲೇ ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಕೊನೆಯ ದಿನ ಮುಖ್ಯ ವರದಿಗಾರರನ್ನು ‘ನನ್ನ ಕೆಲಸ ಹೇಗಿತ್ತು ಸರ್?’ ಎಂದು ಕೇಳಿದೆ. ‘ಚೆನ್ನಾಗಿತ್ತಮ್ಮ, ಚೆನ್ನಾಗಿ ಓದ್ಕೋ’ ಎಂದರು. ಪ್ರಮಾಣಪತ್ರದಲ್ಲೂ ‘ತೃಪ್ತಿಕರ’ ಎಂದಷ್ಟೇ ಇದೆ. ನಿಜಕ್ಕೂ ನಾನು ಹೇಗೆ ಮಾಡಿದೆ ಎಂದು ತಿಳಿಯುವುದು ಹೇಗೆ?
— ವಿದ್ಯಾರ್ಥಿನಿ, ಉಡುಪಿ

ಉತ್ತರ: ಅವರಿಗೆ ನಿಮ್ಮ ಬಗ್ಗೆ ಕಾಳಜಿ ಇಲ್ಲ ಅಂದುಕೊಳ್ಳಬೇಡಿ. ಪ್ರಶ್ನೆ ಅಷ್ಟು ಅಗಲವಾಗಿದ್ದರೆ ಉತ್ತರವೂ ಹಾಗೇ ಬರುತ್ತದೆ. ಈಗಲೂ ಕಾಲ ಮಿಂಚಿಲ್ಲ, ಒಮ್ಮೆ ಹೋಗಿ ಬನ್ನಿ. ಬೆಳಗಿನ ಸಭೆ ಮುಗಿದ ಮೇಲೆ, ಸುದ್ದಿ ಹರಿದುಬರುವ ಮೊದಲು, 15 ನಿಮಿಷ ಕೇಳಿ. ಸಂಜೆ 5ರ ಮೇಲೆ ಯಾವ ಕಾರಣಕ್ಕೂ ಬೇಡ. ಆಗ ಅವರ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಪುಟದ ಮೇಲೆ ಇರುತ್ತದೆ.

ಬರಿಗೈಯಲ್ಲಿ ಹೋಗಬೇಡಿ. ಧಾರವಾಡದ ಓದುಗರಿಗೆ ಹೇಳಿದ ಮೂರು ಅಂಕಣದ ಹಾಳೆ ಎರಡು ಸುದ್ದಿಗೆ ಮಾಡಿಕೊಂಡು ಹೋಗಿ: ಕಡಿಮೆ ತಿದ್ದಿದ್ದು ಒಂದು, ಬಹಳ ತಿದ್ದಿದ್ದು ಒಂದು. ಎರಡನ್ನೂ ಮುಂದಿಟ್ಟು ‘ಸರ್, ಇದನ್ನು ತಿದ್ದಲು ಯಾಕೆ ಇಷ್ಟು ಹೊತ್ತು ಹಿಡಿಯಿತು?’ ಎಂದು ಕೇಳಿ. ಬಲ ಅಂಕಣದಲ್ಲಿ ನೀವು ಊಹಿಸಿದ ಕಾರಣ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಹೆಚ್ಚಿನ ಸಲ ತಪ್ಪಾಗಿರುತ್ತದೆ, ನೀವು ಭಾಷೆಯ ತಪ್ಪೆಂದುಕೊಂಡದ್ದು ವರದಿಗಾರಿಕೆಯ ತಪ್ಪಾಗಿರುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ: ‘ನನ್ನನ್ನು ಒಬ್ಬಳನ್ನೇ ಕಳುಹಿಸಲು ನೀವು ಹಿಂದೆಮುಂದೆ ನೋಡುವಂಥ ಸುದ್ದಿ ಯಾವುದು?’ ಕೋರ್ಟ್ ಎಂದರೆ ಕಾನೂನಿನ ಪದಗಳು ಗಟ್ಟಿಯಾಗಬೇಕು. ಅಪಘಾತ ಎಂದರೆ ದುಃಖದಲ್ಲಿರುವವರ ಜೊತೆ ಮಾತಾಡುವ ರೀತಿ ಕಲಿಯಬೇಕು. ಬಜೆಟ್ ಎಂದರೆ ಅಂಕಿ. ಮುಂದಿನ ಸೆಮಿಸ್ಟರ್‌ನಲ್ಲಿ ಏನು ಓದಬೇಕೆಂಬುದಕ್ಕೆ ಬೇರೆ ಸಲಹೆ ಬೇಕಿಲ್ಲ.

ದೂರದ ಊರಾದರೆ ಅದೇ ಎರಡು ಹಾಳೆಯ ಚಿತ್ರವನ್ನು ಮೇಲ್ ಮಾಡಿ, ಎರಡೇ ಪ್ರಶ್ನೆ ಕೇಳಿ. ವಾರ ಕಳೆದರೂ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ. ನಿಮ್ಮ ಪ್ರತಿಗಳನ್ನು ದಿನವೂ ತಿದ್ದುತ್ತಿದ್ದ ಉಪಸಂಪಾದಕರು ಯಾರೆಂದು ಗೊತ್ತಿದ್ದರೆ ಅವರನ್ನೇ ಕೇಳುವುದು ಇನ್ನೂ ಒಳ್ಳೆಯದು. ನಿಮ್ಮ ಬರವಣಿಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಓದಿದವರು ಅವರೇ.

ಪ್ರಮಾಣಪತ್ರದ ‘ತೃಪ್ತಿಕರ’ ಎಂಬ ಪದವನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಅದು ಎಲ್ಲರಿಗೂ ಕೊಡುವ ಸಿದ್ಧ ಸಾಲು. ಆದರೆ ಅದರಲ್ಲಿ ಸೇರಿದ ಮತ್ತು ಮುಗಿದ ದಿನಾಂಕ, ಕೆಲಸ ಮಾಡಿದ ವಿಭಾಗ, ಸಹಿ ಮಾಡಿದವರ ಹೆಸರು–ಹುದ್ದೆ, ಮೊಹರು ಇವೆಯೇ ನೋಡಿ. ದಿನಾಂಕ ಬಿಟ್ಟುಹೋಗಿದ್ದರೆ ವಿಶ್ವವಿದ್ಯಾಲಯದಲ್ಲಿ ಅಂಕ ನಮೂದಿಸುವಾಗ ತಕರಾರು ಬರುತ್ತದೆ. ಕಚೇರಿಗೆ ಹೋದಾಗ ಅದನ್ನೂ ತಿದ್ದಿಸಿಕೊಂಡು ಬನ್ನಿ.